ಎರಡು ಕಮಾನಿನ ಕೂಸು

ಬೈಲಹೊಂಗಲದಲ್ಲಿ ಮಕ್ಕಳ ಡಾಕ್ಟರಾಗಿ ಕೂತವನಿಗೆ, ನಗಬಾರದ ಹೊತ್ತಿನಲ್ಲೇ ನಗು ಬರುವ ಪ್ರಸಂಗಗಳು ತಪ್ಪುವುದಿಲ್ಲ. ತೊಂಬತ್ತರ ದಶಕದ ಕೊನೆಗೆ ದೊಡವಾಡದ ಒಂದು ಕೂಸಿನ ಸುತ್ತ ಆದವು ಇವು.

ಬಸ್ಸಿನಲ್ಲಿ

ಐದಾರು ತಿಂಗಳ ಹೆಣ್ಣುಕೂಸು. ಉಸಿರೆಳೆದರೆ ಸೀಟಿ ಊದಿದ ಸಪ್ಪಳ. ಅಜ್ಜಿ ಅದನ್ನು ಕೌದಿಯಲ್ಲಿ ಸುತ್ತಿಕೊಂಡು ಬಸ್ ಹತ್ತಿದ್ದಳು. ಪಕ್ಕದಲ್ಲಿ ತಾಯಿ ಅಳುತ್ತ ಕೂತಿದ್ದಳು.

"ಆಯಿ, ಕೌದ್ಯಾಗ ಕೋಳಿ ಇಟ್ಟೀಯೇನ? ಅದಕ್ಕೂ ಟಿಕೀಟ ತಗೋಬೇಕ" ಅಂದ ಕಂಡಕ್ಟರ್.

ಅಜ್ಜಿ ಕೌದಿ ಸರಿಸಿದಳು. ನೀಲಿಗಟ್ಟಿದ ತುಟಿ ಕಂಡು ಅವನ ಮುಖ ಬಿಳಚಿಕೊಂಡಿತು. "ಡ್ರೈವರಣ್ಣಾ, ಎಲ್ಲೂ ನಿಲ್ಲಸಬ್ಯಾಡ, ಸೀದಾ ದವಾಖಾನಿಗೆ ಹೊಡಿ!"

ದವಾಖಾನೆಯಲ್ಲಿ ನಾನು ಕೂಸಿಗೆ ಆಕ್ಸಿಜನ್ ಹಚ್ಚಿ ಹೊರಗೆ ಬಂದರೆ ಬೆಂಚಿನ ತುಂಬ ಜನ. ತುದಿಯಲ್ಲಿದ್ದ ಮುದುಕನ ನಾಡಿ ಹಿಡಿದೆ. ಅವನು ಕೈ ಕೊಸರಿಕೊಂಡ. "ನನಗೇನೂ ಆಗಿಲ್ರೀ ಸಾಹೇಬ್ರ, ನಾ ಹಿಂದಿನ ಹಳ್ಳ್ಯಾಗ ಇಳಿಯಾಂವ ಇದ್ದೆ!"

ಬಿಡಿಸಿ ಹೇಳಿದ್ದು

ಪರೀಕ್ಷೆಗಳಾದ ಮೇಲೆ ಬೇನೆ ಗೊತ್ತಾಯಿತು. ಹುಟ್ಟಿನಿಂದಲೇ ಬಂದದ್ದು, ತೀರ ಅಪರೂಪದ್ದು.

"ಆಯಿ, ಹೃದಯದಿಂದ ರಕ್ತ ಒಯ್ಯೋ ದೊಡ್ಡ ನಳ ಎಲ್ಲಾರಿಗೂ ಒಂದ ಕಮಾನಿನಂಗ ಬಾಗಿರತೈತಿ. ಈ ಕೂಸಿಗೆ ಎರಡು ಕಮಾನ ಅದಾವು."

"ಎರಡಿದ್ರ ಚಲೋನ ಆತಲ್ರಿ?"

"ಇಲ್ಲ. ಎರಡೂ ಕೂಡಿ ಉಸಿರಿನ ಕೊಳವಿ ಸುತ್ತ ಉಂಗುರಾಗಿ ಹಿಚಕಾಕತ್ತಾವು. ಒಂದನ್ನ ಕತ್ತರಿಸದಿದ್ರ ಕೂಸು ಉಳಿಯಾಂಗಿಲ್ಲ."

ಅಜ್ಜಿ ಕಣ್ಣೊರೆಸಿಕೊಂಡಳು.

"ತಿಳೀತ ಬಿಡ್ರಿ. ನನಗೂ ಇಬ್ಬರು ಗಂಡಮಕ್ಕಳು, ನಡುವ ಸಿಕ್ಕು ನನಗೂ ಉಸಿರಾಡಾಕ ಆಗಾಂಗಿಲ್ಲ."

ಹಸಿರು ಅಂಗಿ

ಆಪರೇಷನ್ನಿಗೆ ಬೆಂಗಳೂರಿಗೆ ನಾನೂ ಸಂಗಡ ಹೋದೆ. ಒಳಗೆ ಒಯ್ಯುವಾಗ ತಾಯಿ ಕೂಸಿನ ಪಾದ ಬಿಡಲಿಲ್ಲ. ನರ್ಸ್ ಅವಳ ಬೆರಳು ಒಂದೊಂದೇ ಬಿಡಿಸಿದಳು. ಬಾಗಿಲು ಮುಚ್ಚಿತು.

ಆಪರೇಷನ್ ಮಾಡುವವರದು ಹಸಿರು ಅಂಗಿ ಎಂದು ಕಂಡುಕೊಂಡಿದ್ದ ಅಜ್ಜಿ, ಹಸಿರು ಅಂಗಿ ಹಾಕಿದವರ ಕಾಲಿಗೆಲ್ಲ ಬೀಳುತ್ತಿದ್ದಳು. ಸ್ಟ್ರೆಚರ್ ತಳ್ಳುವವನಿಗೆ ಬಿದ್ದಳು, ನೆಲ ಒರೆಸುವವನಿಗೆ ಬಿದ್ದಳು, ಯಾರನ್ನೋ ನೋಡಲು ಹಸಿರು ಶರ್ಟ್ ಹಾಕಿಕೊಂಡು ಬಂದಿದ್ದ ಪಾಪದವನಿಗೂ ಬಿದ್ದಳು.

ಸಂಜೆ ಹತ್ತಿರ ಸರ್ಜನ್ ಬಟ್ಟೆ ಬದಲಿಸಿ, ಬಿಳಿ ಅಂಗಿಯಲ್ಲಿ ಹೊರಗೆ ಬಂದರು. "ಅಜ್ಜಿ, ಮಗು ಬದುಕಿದೆ."

ತಾಯಿ ನಿಂತಲ್ಲೇ ಬಿಕ್ಕಿದಳು. ಅಜ್ಜಿ ಕದಲಲಿಲ್ಲ. "ನೀವ್ಯಾರ್ರೀ? ಹಸರಂಗಿಯವರು ಹೇಳ್ಲಿ."

ದಣಿದಿದ್ದ ಸರ್ಜನ್ ಸುಮ್ಮನೆ ಸ್ಟ್ರೆಚರಿನವನನ್ನು ಕರೆದರು. "ಹೌದಜ್ಜಿ, ಮಗು ಚೆನ್ನಾಗಿದೆ" ಎಂದು ಅವನು ಅಂದದ್ದೇ ತಡ, ಅಜ್ಜಿ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಆಮೇಲೆ ಸರ್ಜನ್ ಕಡೆ ತಿರುಗಿದಳು.

"ನೋಡ್ರೀ ತಮ್ಮಾ, ಇಂಥಾ ಡಾಕ್ಟರ್ ಸಿಗಬೇಕಾದ್ರ ಪುಣ್ಯಾ ಮಾಡಿರಬೇಕು!"