ಮೈಕಿಗೊಂದು ಕುಲಾವಿ

ಗಾಳಿಯ ಮೇಲೆ ದೂರು ಬರೆದುಕೊಳ್ಳುವ ಪೊಲೀಸ್ ಠಾಣೆಯೊಂದು ಧಾರವಾಡದಲ್ಲಿ ಇದ್ದಿದ್ದರೆ ನಮ್ಮ ಕಾಕಾ ದಿನಾ ಬೆಳಿಗ್ಗೆ ಅದರ ಬಾಗಿಲಲ್ಲಿ ನಿಂತಿರುತ್ತಿದ್ದರು. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಅವರ ಕಂಠ ಎಂಥದು ಅಂತೀರಿ? ಎಂಟನೇ ‘ಅ’ ವರ್ಗಕ್ಕೆ ಪಾಠ ಮಾಡಿದರೆ ಗೋಡೆಯಾಚೆಯ ‘ಬ’ ವರ್ಗದವರೂ ಪಾಸಾಗುತ್ತಿದ್ದರು! ಹುಟ್ಟಿದಾಗಿನಿಂದ ಮೈಕು ಮುಟ್ಟದ ಇಂಥ ಮನುಷ್ಯ ಎಪ್ಪತ್ತರ ಹತ್ತಿರ ಬಂದ ಮೇಲೆ ಮೈಕು ಹುಡುಕಿಕೊಂಡು ಹೊರಟದ್ದು ನಮ್ಮ ಮನೆತನದ ಇತಿಹಾಸದಲ್ಲಿ ದೊಡ್ಡ ಘಟನೆ.

ಕಾರಣ ಅವರ ಹೆಂಡತಿ, ನಮ್ಮ ಕಾಕು. ಮದುವೆಯಾದಾಗಿನಿಂದ ಗಂಡ ಹೆಂಡತಿ ದಿನಾ ಸಂಜೆ ಸಪ್ತಾಪುರದ ಮನೆಯಿಂದ ಹೊರಟು ಒಂದು ಸುತ್ತು ಹಾಕಿ ಬರುವವರು. ಸುತ್ತು ಚಿಕ್ಕದೇ, ಆದರೆ ಸಿಕ್ಕವರನ್ನೆಲ್ಲ ಮಾತಾಡಿಸಿ ಬರಲು ಎರಡು ತಾಸು. ಈ ವರ್ಷ ಕಾಕುವಿನ ಮೊಣಕಾಲಿಗೆ ಆಪರೇಷನ್ ಆಗಿ, ಡಾಕ್ಟರು ಕೆಲವು ತಿಂಗಳು ಹೊಸ್ತಿಲು ದಾಟಬೇಡಿರೆಂದರು. ಕಾಕು ನೋವಿಗೆ ಅಳಲಿಲ್ಲ. ಸಂಜೆ ಐದಾಯಿತೆಂದರೆ ಕಣ್ಣು ತುಂಬಿಕೊಳ್ಳುತ್ತಿದ್ದರು. ಅದನ್ನು ನೋಡಲಾರದೆ ಕಾಕಾ ಮಾತು ಕೊಟ್ಟರು: “ನೀ ಓಣಿಗೆ ಹೋಗೂದು ಬ್ಯಾಡ. ಓಣಿನೇ ಮನಿಗೆ ತರ್ತೇನಿ.”

ತಂದರು, ಮೊಬೈಲಿನಲ್ಲಿ ವಿಡಿಯೋ ಮಾಡಿ. ಕಾಕು ಕನ್ನಡಕ ಏರಿಸಿಕೊಂಡು ನೋಡಿದರು. “ಎಲ್ಲಾರೂ ಬಾಯಿ ಆಡಸ್ತಾರ, ಹಿಟ್ಟಿನ ಗಿರಣಿ ಸಪ್ಪಳ ಬರ್ತದಲ್ಲರೀ?” ಧಾರವಾಡದ ಗಾಳಿ ಒಬ್ಬರ ಮಾತನ್ನೂ ಉಳಿಸಿರಲಿಲ್ಲ.

ಮರುದಿನ ಕಾಕಾ ನನ್ನನ್ನು ಕರೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದರು. ರಾಯಾಪುರ ದಾಟುವಷ್ಟರಲ್ಲಿ ಮೈಕಿನ ಬಗ್ಗೆ ಪಕ್ಕದ ಸೀಟಿನವರಿಗೆ ಪಾಠ ಮಾಡಿ ಮುಗಿಸಿದ್ದರು, ತಮಗೇ ಇನ್ನೂ ಏನೂ ಗೊತ್ತಿಲ್ಲದಿದ್ದರೂ! ಹುಬ್ಬಳ್ಳಿಯ ಮೊಬೈಲ್ ಅಂಗಡಿಯವನು ಅಂಗಿಗೆ ಸಿಕ್ಕಿಸುವ ಕಾಲರ್ ಮೈಕೊಂದನ್ನು ತೆಗೆದಿಟ್ಟ. ಕಾಕಾ ಸುಮ್ಮನೆ ಕೊಳ್ಳುವವರೇ? ತೆಂಗಿನಕಾಯಿಯನ್ನೂ ಹತ್ತು ಸಲ ಬಡಿದು ನೋಡುವವರು.

“ಅಲ್ರೀ, ಇಲ್ಲೆ ಗಾಳಿ ಎಲ್ಲದ? ಆ ಟೇಬಲ್ ಫ್ಯಾನ್ ಇತ್ಲಾಗ ತಿರುಗಸ್ರಿ. ಪೂರ್ತಿ ಬಿಡ್ರಿ.”

ಬಿಟ್ಟ. ಕೌಂಟರಿನ ಮೇಲಿದ್ದ ಬಿಲ್ಲುಗಳೆಲ್ಲ ಹಾರಿ ರಸ್ತೆ ಸೇರಿದವು. ನಾನು ಮತ್ತು ಅಂಗಡಿಯವನು ಆರಿಸಲು ಓಡಿದೆವು. ಆ ಗದ್ದಲದಲ್ಲಿ ಕಾಕಾ ಮಾತ್ರ ಫ್ಯಾನಿನೆದುರು ನೆಟ್ಟಗೆ ನಿಂತು ಭಾರತದ ನದಿಗಳ ಹೆಸರು ಹೇಳುತ್ತಿದ್ದರು. ಆಮೇಲೆ ಹಚ್ಚಿ ಕೇಳಿದರೆ ಗೋದಾವರಿಯಿಂದ ಕಾವೇರಿಯವರೆಗೆ ಒಂದಕ್ಷರ ತಪ್ಪಿರಲಿಲ್ಲ.

“ಭಾರಿ ಮಾಲ್ ಐತ್ರಿ ಸರ,” ಎಂದ ಅಂಗಡಿಯವನು ಏದುಸಿರು ಬಿಡುತ್ತ, “ನಿಮ್ಮ ದನಿ ಬಿಟ್ಟು ಬ್ಯಾರೆ ಏನೂ ತಗೊಳ್ಳಂಗಿಲ್ರಿ.”

ಅವನು ಹೇಳಿದ್ದು ಖರೇನೇ ಆಯಿತು. ಆ ಸಂಜೆಯ ವಿಡಿಯೋದಲ್ಲಿ ಗಾಳಿ ಮಾಯ, ಜೊತೆಗೆ ಓಣಿಯೂ ಮಾಯ! ಪೇರಲಹಣ್ಣು ಮಾರುವವಳು ನಗುತ್ತ ಏನೋ ಹೇಳುತ್ತಾಳೆ. ಕೇಳಿಸುವುದು ಕಾಕಾ ಮಾತ್ರ.

“ಆಕಿ ಏನಂದಳು?” ಎಂದರು ಕಾಕು.

“ನೀ ಹ್ಯಾಂಗಿದ್ದೀ ಅಂತ ಕೇಳಿದ್ಲು.”

“ಅದನ್ನ ಆಕಿ ಬಾಯಿಂದನ ಕೇಳಬೇಕಿತ್ತು. ನಿಮ್ಮ ದನಿ ಮನ್ಯಾಗ ದಿನಪೂರ್ತಿ ಪುಕ್ಕಟ ಕೇಳತೇನಲ್ಲ.”

ಕಾಕಾನ ಮುಖ ಸಣ್ಣದಾಯಿತು. ಮತ್ತೆ ಹುಬ್ಬಳ್ಳಿ. ನಮ್ಮನ್ನು ಕಂಡೊಡನೆ ಅಂಗಡಿಯವನು ಮೊದಲು ಫ್ಯಾನು ಆರಿಸಿದ.

“ಇದಕ್ಕಿಂತ ಸ್ವಲ್ಪ ಕೆಟ್ಟದ್ದು ಕೊಡ್ರಿ,” ಎಂದರು ಕಾಕಾ, ಮೈಕು ಮುಂದಿಟ್ಟು.

ಪಾಪ, ಅವನು ನನ್ನ ಮುಖ ನೋಡಿದ. “ಫೋನಿನ ಮ್ಯಾಲೆ ಸಿಗಿಸೂದು ಒಂದೈತ್ರಿ. ಆದ್ರ ಸುತ್ತಲಿನ ಸಪ್ಪಳೆಲ್ಲಾ ತುಂಬಿಕೊಂತೈತಿ ಅಂತ ಮಂದಿ ಬ್ಯಾಡಂತಾರ್ರಿ.”

“ಅದನ್ನ ಕೊಡ್ರಿ.”

ಗಾಳಿ ತಡೆಯಲು ಅದಕ್ಕೆ ಕೂದಲು ಕೂದಲಿನ ಟೊಪ್ಪಿಗೆಯೊಂದು ಬರುತ್ತದಂತೆ. ಅಂದು ಅಂಗಡಿಯಲ್ಲಿ ಇರಲಿಲ್ಲ. ಮನೆಗೆ ಬಂದ ಮೇಲೆ ಕಾಕು ಮೈಕನ್ನು ಅಂಗೈಯಲ್ಲಿಟ್ಟು ಅಳತೆ ತೆಗೆದುಕೊಂಡು, ಕೂತಲ್ಲೇ ಕೆಂಪು ಉಣ್ಣೆಯ ಕುಲಾವಿ ಹೆಣೆದುಕೊಟ್ಟರು, ಕೂಸಿನ ಗದ್ದದ ಕೆಳಗೆ ಕಟ್ಟುವಂಥ ದಾರದ ಸಮೇತ. ಮೈಕಿಗೆ ಗದ್ದ ಎಲ್ಲಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ಸಂಜೆ ನಾನೂ ಜೊತೆಗೆ ಹೋದೆ. ಮನೆ ದಾಟಿದವರೇ ಕಾಕಾ ತುಟಿ ಬಿಗಿದುಕೊಂಡರು. ಫೋನಿಗೆ ಎಲ್ಲರಿಗಿಂತ ಹತ್ತಿರ ಇರುವುದು ಅವರದೇ ಬಾಯಿ. ಅದು ತೆರೆದರೆ ಉಳಿದವರು ಮತ್ತೆ ಮುಳುಗಿದಂತೆಯೇ. ಎರಡು ತಾಸು ಒಂದು ಮಾತಿಲ್ಲ! ಕೈಸನ್ನೆ, ತಲೆಯಾಡಿಸುವುದು, ಅಷ್ಟೇ. “ಮಾಸ್ತರ ಹಲ್ಲು ಕೀಳಿಸ್ಯಾರೇನ್ರಿ?” ಎಂದು ಇಸ್ತ್ರಿಯವನು ನನ್ನನ್ನು ಕೇಳಿದ. ಹಾಲಿನವರು ಮೌನವ್ರತವೆಂದು ತಿಳಿದು ಕೈಮುಗಿದರು. ಪೇರಲಹಣ್ಣಿನವಳು ಕುಲಾವಿಯ ಹತ್ತಿರ ಬಾಗಿ, “ಬಾಯಾರ, ಲಗೂ ಎದ್ದು ಬರ್ರಿ. ನೀವಿಲ್ದ ನನ್ನ ಹಣ್ಣಿಗೆ ಕಾಯಿ, ಹುಳುಕು ಅಂತ ಹೆಸರಿಡಾಕ ಯಾರೂ ಇಲ್ಲ,” ಎಂದಳು.

ಕಾಕು ನೋಡಿದರು. ಒಬ್ಬೊಬ್ಬರ ಮಾತಿಗೂ ಕೂತಲ್ಲೇ ಉತ್ತರ ಕೊಟ್ಟರು, ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾವಿರಾರು ಹುಡುಗರಿಗೆ ಪರೀಕ್ಷೆ ಮಾಡಿದ ಕಾಕಾ ಈಗ ಫಲಿತಾಂಶ ಕಾಯುತ್ತ ಬಾಗಿಲಿಗೆ ಆತುಕೊಂಡು ನಿಂತಿದ್ದರು.

“ಎಲ್ಲಾ ಛಲೋ ಕೇಳಿಸ್ತು,” ಎಂದು ಕಾಕು ಫೋನು ಕೆಳಗಿಟ್ಟರು. ಕುಲಾವಿಯ ದಾರ ಸರಿಮಾಡುತ್ತ, “ಆದ್ರ ನಿಮ್ಮ ದನಿನೇ ಇಲ್ಲಲ್ಲರೀ. ನಾ ಒಬ್ಬಾಕಿನ ಹೋಗಿಬಂದಂಗಾತು. ನಾಳೆ ನಡುನಡುವ ಮಾತಾಡ್ರಿ,” ಎಂದರು.

ಕಾಕಾ ಬಾಯಿ ತೆರೆದರು. ಆ ಕಂಠದಿಂದ ‘ಹೂಂ’ ಎಂದಷ್ಟೇ ಬಂತು, ಪಕ್ಕದಲ್ಲೇ ನಿಂತಿದ್ದ ನನಗೂ ಅದು ಸರಿಯಾಗಿ ಕೇಳಿಸಲಿಲ್ಲ. ಕಾಕುವಿಗೆ ಕೇಳಿಸಿತು.