ಸಮುದ್ರಕ್ಕೆ ಹೋದ ಭಾವನ ಟಾರ್ಪಾಲು

ನನ್ನನ್ನು ಹಟಮಾರಿ ಎನ್ನುವವರ ಮೇಲೆ ನನಗೇನೂ ಸಿಟ್ಟಿಲ್ಲ. ಹಟ ಇಲ್ಲದವನು ಯಾರು ಎಳೆದರೆ ಅವರ ಹಿಂದೆ ಹೋಗುತ್ತಾನೆ, ಬಡಿಸಿದ್ದನ್ನು ಉಂಡು ಕೈ ತೊಳೆಯುತ್ತಾನೆ. ನಾನು ಆ ಜಾತಿಯವನಲ್ಲ. ಗುಬ್ಬಿಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ, ಎಪ್ಪತ್ತರ ದಶಕದ ಕೊನೆಯಲ್ಲಿ, ಬರೀ ಹಟಕ್ಕೆ ಬಿದ್ದು ಹೆಂಡತಿಯೊಂದಿಗೆ ಸಮುದ್ರದ ದಡದ ಮರಳಿನ ಮೇಲೆ ಎರಡು ದಿನ ಸಂಸಾರ ಮಾಡಿ ಬಂದೆ. ಆ ಬಗ್ಗೆ ಕುಣಿಗಲ್ ಸೀಮೆಯಲ್ಲಿ ಹಬ್ಬಿರುವ ಸುದ್ದಿಯೇ ಬೇರೆ. ನೀವು ನನ್ನ ಕಡೆಯದನ್ನೂ ಸ್ವಲ್ಪ ಕೇಳಿ.

ನನ್ನ ಹೆಂಡತಿ ಶಾರದ ಸಮುದ್ರ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ಆದರೆ ಹೇಳಿಕೊಂಡಿರಲಿಲ್ಲ. ನೋಡಿದ್ದವನು ಅವಳಣ್ಣ ರುದ್ರಣ್ಣ ಒಬ್ಬನೇ. ಕೊತ್ತಗೆರೆಯ ಕಡೆ ಹೊಲ, ದನ, ದೊಡ್ಡ ಬಾಯಿ ಎಲ್ಲವೂ ಇದ್ದ ಈ ಭಾವ ಒಮ್ಮೆ ಕರಾವಳಿಯ ಯಾವುದೋ ಲಾಡ್ಜಿನಲ್ಲಿ ತಂಗಿದ್ದ. ಅಂದಿನಿಂದ ಯಾರ ಮನೆಯ ಊಟದ ಪಂಕ್ತಿಯಲ್ಲಿ ಕುಳಿತರೂ ಅದೇ ಕಥೆ: ಫ್ಯಾನು, ರೂಮಿನಲ್ಲೇ ನಲ್ಲಿ, ಮಹಡಿಗೇ ಬರುವ ಕಾಫಿ. "ರೂಮಿಲ್ದೆ ಸಮುದ್ರದ ತಾವ ಹೋಗೋಕೆ ಆಗಾಕಿಲ್ಲ ಮೇಷ್ಟ್ರೇ" ಎಂದ ಒಂದು ನಾಮಕರಣದಲ್ಲಿ. ನನಗೆ ರೇಗಿತು. "ಲಾಡ್ಜಲ್ಲಿ ಮಲಗೋಕೆ ಅಲ್ಲಿಗಂಟ ಯಾಕೆ ಹೋಗ್ಬೇಕು ಭಾವ, ತುಮಕೂರಲ್ಲಿ ಲಾಡ್ಜ್ ಇಲ್ವಾ? ನಾವು ಮರಳ ಮೇಲೇ ಇರ್ತೀವಿ, ಎರಡು ದಿನ. ಲಾಡ್ಜಿನ ಹೊಸಲು ತುಳಿದ್ರೆ ಕೇಳಿ!" ಇಡೀ ಪಂಕ್ತಿ ಕೈ ನಿಲ್ಲಿಸಿ ನನ್ನನ್ನೇ ನೋಡಿತು. ಭಾವ ನಕ್ಕು, ರಾಗಿ ಒಣಗಿಸುವ ತನ್ನ ಟಾರ್ಪಾಲನ್ನೇ ತಂದುಕೊಟ್ಟ. "ತಗೊಂಡೋಗಿ. ಒಂದೇ ದಿನಕ್ಕೆ ಓಡ್ಬಂದ್ರೋ, ಸಾಯೋಗಂಟ ನಿಮ್ಮನ್ನ ಬುಡಾಕಿಲ್ಲ."

ಅವನು ಬಿಡುವವನಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಬೇಸಿಗೆ ರಜೆಯಲ್ಲಿ ಹೊರಟೆವು. ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು, ಅಂಗಡಿಯೂ ಮನೆಯೂ ಕಾಣದಷ್ಟು ದೂರ ಮರಳಿನಲ್ಲಿ ಕಾಲೆಳೆದುಕೊಂಡು ನಡೆದೆವು. ಶಾರದ ನಿಂತಲ್ಲೇ ನಿಂತಳು. "ಅಬ್ಬಾ! ಆಚೆ ದಡಾನೇ ಇಲ್ವಲ್ರೀ!" ಗಾಳಿಮರಗಳ ಕೆಳಗೆ ಒಣಗಿದ ಸೌದೆ ಆಯುತ್ತಿದ್ದ ಒಬ್ಬ ಮುದುಕಿ ನಮ್ಮ ಗಂಟುಮೂಟೆ ನೋಡಿ, "ಕೆಳಗೆ ಹೋಗಬೇಡಿ, ಸಂಜೆಗೆ ನೀರು ಏರ್ತದೆ" ಎಂದಳು. ನನಗೆ ನಗು ಬಂತು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಕುಣಿಗಲ್ ದೊಡ್ಡಕೆರೆ ನೋಡಿ ಬೆಳೆದವನು ನಾನು. ಮಳೆ ಇಲ್ಲದೆ ನೀರು ಏರುವುದು ಹೇಗೆ? ಆದರೂ ನಮ್ಮ ಕಡೆ ಕೆರೆಗೆ ಮಾಡುವಂತೆ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟೆ. ಮಧ್ಯಾಹ್ನದ ಹೊತ್ತಿಗೆ ನೀರು ಕಡ್ಡಿಯಿಂದ ಹತ್ತು ಮಾರು ಕೆಳಗೆ ಹೋಗಿತ್ತು. "ನೋಡಿದ್ಯಾ? ಬೇಸಿಗೆ ಕಣೇ, ಬತ್ತಾ ಇದೆ" ಎಂದೆ. ಪಾತ್ರೆ ತೊಳೆಯಲು ಅನುಕೂಲವಾಗಲೆಂದು ಕಡ್ಡಿಯನ್ನೂ ದಾಟಿ ಕೆಳಗೆ ಹೋಗಿ, ಅಲ್ಲೇ ಬಿದ್ದಿದ್ದ ಎರಡು ಬಿದಿರುಗಳ ಮೇಲೆ ಟಾರ್ಪಾಲು ಕಟ್ಟಿದೆ. ಶಾರದ ರೊಟ್ಟಿ, ಚಟ್ನಿಪುಡಿಯ ಗಂಟನ್ನು ಮಾತ್ರ ಒಯ್ದು ಗಾಳಿಮರದ ಕೊಂಬೆಗೆ ಕಟ್ಟಿ ಬಂದಳು. "ಇರುವೆ ಬರ್ತವೆ" ಎಂದಳು.

ಸಂಜೆ ಮೂರು ಕಲ್ಲಿನ ಒಲೆಯ ಮೇಲೆ ಮುದ್ದೆ ತಿರುವುತ್ತಿದ್ದೆ. ಚುಸ್ ಎಂದಿತು. ಒಲೆ ಹೋಯಿತು. ಎರಡನೇ ಅಲೆಗೆ ಮುದ್ದೆ, ಮೂರನೆಯದಕ್ಕೆ ಬಿದಿರು ಸಮೇತ ಟಾರ್ಪಾಲು. "ಏಯ್, ಭಾವನ ಟಾರ್ಪಾಲು ಕಣೋ!" ಎಂದು ಸಮುದ್ರಕ್ಕೇ ಗದರಿಸುತ್ತಾ ಸೊಂಟದವರೆಗೆ ನುಗ್ಗಿ ಒಂದು ಮೂಲೆ ಹಿಡಿದೆ. ನಾನು ಈಚೆಗೆ, ಅದು ಆಚೆಗೆ. ಶಾರದ ಮೊದಲು ಮರಳಿನ ಮೇಲೆ ಕುಳಿತು ಹೊಟ್ಟೆ ತುಂಬ ನಕ್ಕಳು, ಆಮೇಲೆ ಸೀರೆ ಎತ್ತಿ ಕಟ್ಟಿ ಬಂದು ಇನ್ನೊಂದು ಮೂಲೆ ಎಳೆದಳು. ಮೇಲೆ ಬಂದು ಬಿದ್ದಾಗ ನನಗೆ ನಿಜವಾಗಿಯೂ ಭಯವಾಗಿತ್ತು. "ಬಸ್ಸು ಎಷ್ಟೊತ್ತಿಗಿದೆಯೋ…" ಎಂದು ಗೊಣಗಿದೆ. ಅವಳು ಕೊಂಬೆಯಿಂದ ಗಂಟು ಬಿಚ್ಚುತ್ತಿದ್ದಳು. "ಯಾವ ಬಸ್ಸು? ಇನ್ನೂ ಒಂದು ದಿನ ಇದೆ. ನಾನಿನ್ನೂ ಸಮುದ್ರ ಸರಿಯಾಗಿ ನೋಡೇ ಇಲ್ಲ. ರೊಟ್ಟಿ ತಿನ್ನಿ." ತಿಂದೆ. ಇನ್ನೂ ಒಂದು ದಿನ ಗಾಳಿಮರದ ಕೆಳಗೆ ಇದ್ದೆವು.

ಟಾರ್ಪಾಲನ್ನು ಒಣಗಿಸಿ, ಮಡಿಸಿ, ಭಾವನ ಜಗಲಿಯ ಮೇಲೆ ಠೀವಿಯಿಂದ ಇಟ್ಟೆ. ಅವನು ನನ್ನನ್ನು ಕೇಳಲಿಲ್ಲ, ತಂಗಿಯನ್ನು ಕೇಳಿದ. "ಇದ್ವು ಕಣಣ್ಣ, ಎರಡು ದಿನಾನೂ. ಲಾಡ್ಜಿನ ಮುಖಾನೇ ನೋಡ್ಲಿಲ್ಲ" ಎಂದಳು. ಭಾವನ ಮುಖ ಸಪ್ಪಗಾಯಿತು. ನಾನು ಕಾಫಿ ಲೋಟ ಎತ್ತಿಕೊಂಡೆ. ಅಷ್ಟರಲ್ಲಿ ಅಂಗಳದಲ್ಲಿದ್ದ ಅವನ ಕೆಂದ ಹಸು ಜಗಲಿಗೆ ಕುತ್ತಿಗೆ ಚಾಚಿ ಟಾರ್ಪಾಲನ್ನು ನೆಕ್ಕತೊಡಗಿತು. ಓಡಿಸಿದರೂ ಹೋಗಲಿಲ್ಲ. ಭಾವ ಬೆರಳಿನಿಂದ ಟಾರ್ಪಾಲು ಒರೆಸಿ ನಾಲಿಗೆಗೆ ಇಟ್ಟುಕೊಂಡ. "ಏನ್ ಮೇಷ್ಟ್ರೇ, ಇಷ್ಟು ಉಪ್ಪು? ಸಮುದ್ರದೊಳಗೇ ಹಾಸಿದ್ರಾ?" ನಾನು ಬಗ್ಗಲಿಲ್ಲ. "ನಾವು ಸಮುದ್ರದೊಳಕ್ಕೆ ಹೋಗ್ಲಿಲ್ಲ ಭಾವ. ಅದೇ ನಮ್ಮ ಬಿಡಾರಕ್ಕೆ ಬಂತು. ನಿಮ್ಮ ಲಾಡ್ಜಿಗೆ ಬಂದಿತ್ತಾ?"

ಅವನು ಅಂದು ಶುರುಮಾಡಿದ ನಗುವನ್ನು ಇನ್ನೂ ನಿಲ್ಲಿಸಿಲ್ಲ. ನಗಲಿ. ನಾನು ಎರಡು ದಿನ ಇದ್ದದ್ದು ಸುಳ್ಳಾಗುವುದಿಲ್ಲ. ಆದರೆ ನಿಮಗೊಂದು ಮಾತು ಹೇಳದೆ ಉಳಿಸಿಕೊಂಡಿದ್ದೆ. ಹೈಸ್ಕೂಲಿನಲ್ಲಿ ನಾನು ಪಾಠ ಮಾಡುತ್ತಿದ್ದುದು ಭೂಗೋಳ. ಉಬ್ಬರವಿಳಿತದ ಪಾಠವನ್ನು ವರ್ಷ ವರ್ಷವೂ ಬೋರ್ಡಿನ ಮೇಲೆ ದುಂಡಗೆ ಚಂದ್ರನನ್ನು ಬರೆದು ಒಪ್ಪಿಸುತ್ತಿದ್ದೆ. ಆ ಜೂನಿನಲ್ಲೂ ಚಂದ್ರನನ್ನು ಬರೆದೆ, ಸಮುದ್ರದ ನೀರು ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ ಎಂದು ಬರೆಸಿದೆ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಪುಸ್ತಕದಲ್ಲಿಲ್ಲದ ಎರಡು ಪದಗಳನ್ನು ನಾನೇ ಸೇರಿಸಿದೆ: ಮಳೆ ಇಲ್ಲದಿದ್ದರೂ.