ಪೈಪಣ್ಣ ಕೊಂಡ ವಜ್ರಗಳು

"ಆಟ ಪುಕ್ಕಟೆ ಕಣೇ! ನನ್ನ ಕೈಯಿಂದ ದುಡ್ಡು ಕೀಳೋ ಗಂಡು ಇನ್ನೂ ಹುಟ್ಟಿಲ್ಲ!" ಎಂದು ಪ್ಲಂಬರ್ ಪೈಪಣ್ಣ ಹೆಂಡತಿಯ ಮುಂದೆ ಘನಘೋರ ಪ್ರತಿಜ್ಞೆ ಮಾಡಿದ್ದ. ತನ್ನ ಹೆಸರು ಕೇಳಿದರೆ ಸೋರುವ ನಲ್ಲಿಗಳು ತಾವಾಗಿ ಬಾಯಿ ಮುಚ್ಚುತ್ತವೆ ಎಂಬ ಮಾತನ್ನು ನಾಲ್ಕು ಬೀದಿಗೆ ಹಬ್ಬಿಸಿದವನೂ ಅವನೇ. ಅವನ ಅಡುಗೆಮನೆಯ ನಲ್ಲಿ ಮಾತ್ರ ಮೂರು ತಿಂಗಳಿಂದ ಆ ಹೆಸರು ಕೇಳಿರಲಿಲ್ಲ.

ಫೋನಿನ ಆಟದೊಳಗೆ ಒಂದು ಕೊಳ. ದಂಡೆಯಲ್ಲಿ ಪೈಪಣ್ಣನದೇ ಮನೆ! ಎಳೆ ಮಂಜು, ತೇಲುವ ಹಂಸಗಳು, ಗಾಳಿಗೆ ಅಲುಗುವ ಬಿಳಿ ಪರದೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲೇ ಬದುಕು ಸವೆಸಿದವನಿಗೆ ಅದನ್ನು ಎಷ್ಟು ನೋಡಿದರೂ ಸಾಲದು. ಭಾನುವಾರ ಮಧ್ಯಾಹ್ನ ಮಂಚದ ಮೇಲೆ ಮೈಚಾಚಿದನೆಂದರೆ ಅವನು ಇಲ್ಲಿರುತ್ತಿರಲಿಲ್ಲ, ಅಲ್ಲಿರುತ್ತಿದ್ದ.

ಆ ಭಾನುವಾರ ಕೊಳದ ಮನೆಯ ಪೈಪು ಒಡೆಯಿತು. ಮಲಗುವ ಕೋಣೆಗೆ ನೀರು! ಆಟದೊಳಗಿನ ಪ್ಲಂಬರ್ ಟೋಪಿ ತೆಗೆದು ಬಾಗಿದ. ಎಂಟು ಗಂಟೆ ಕಾದರೆ ರಿಪೇರಿ ಪುಕ್ಕಟೆ. ಈಗಲೇ ಆಗಬೇಕೆಂದರೆ ಅರವತ್ತು ವಜ್ರ. ವಜ್ರ ಮಾರುವುದೋ ನಿಜವಾದ ದುಡ್ಡಿಗೆ, ಐವತ್ತರ ಚೀಲದಲ್ಲಿ! ಎರಡು ಚೀಲ ಕೊಳ್ಳದೆ ಗತಿಯಿಲ್ಲ.

ಪೈಪಣ್ಣನಿಗೆ ಈ ವಿದ್ಯೆ ಹೊಸದೇನಲ್ಲ. ಅವನ ಕಾರ್ಡಿನ ಮೇಲೂ 'ಬಂದು ನೋಡುವುದು ಪುಕ್ಕಟೆ' ಎಂದೇ ಇತ್ತು. ಒಮ್ಮೆ ಗೋಡೆ ಒಡೆದ ಮೇಲೆ ಚೌಕಾಸಿ ಮಾಡುವ ಧೈರ್ಯ ಯಾರಿಗಿದೆ? ಅಷ್ಟರಲ್ಲಿ ಹಂಸವೊಂದು ಮುಳುಗಿದ ಹಾಸಿಗೆಯ ಪಕ್ಕ ತೇಲಿ ಬಂದು ಅವನನ್ನೇ ನೋಡಿತು. ಪೈಪಣ್ಣ ಕರಗಿಹೋದ. ಎರಡು ಚೀಲ ಕೊಂಡ.

"ರೀ! ನಲ್ಲಿ ಕಿತ್ಕೊಂಡು ಬಂತು! ಅಡುಗೆಮನೆ ತುಂಬ ನೀರು!" ಹೆಂಡತಿ ಕೂಗಿದಳು.

"ನಿಂತುಹೋಯ್ತು ಕಣೇ... ಈಗಷ್ಟೇ ದುಡ್ಡು ಕೊಟ್ಟೆ," ಎಂದ ಪೈಪಣ್ಣ, ಕಣ್ಣು ಅರೆಮುಚ್ಚಿ.

"ಯಾರಿಗೆ ಕೊಟ್ರಿ?"

"ಪ್ಲಂಬರ್‌ಗೆ."

"ಓಹೋ! ಹಾಗಾದ್ರೆ ನಾನೂ ಒಬ್ಬ ಪ್ಲಂಬರ್‌ನ ಕರೀತೀನಿ ಬಿಡಿ," ಎಂದು ಹೊರಟುಹೋದಳು. ಪೈಪಣ್ಣ ಹಂಸದ ಹಿಂದೆ ಹಿಂದೆ ನಿದ್ದೆಗೆ ಜಾರಿದ.

ಎಚ್ಚರವಾಗಿ ಕಾಲು ಕೆಳಗಿಟ್ಟರೆ ನೀರು! ಬೆಳ್ಳಗಿನದೇನೋ ಮೆಲ್ಲಗೆ ತೇಲಿ ಬಂದು ಪಾದಕ್ಕೆ ತಾಗಿತು. ಹಂಸವೆಂದು ಕೈಚಾಚಿದ, ನೋಡಿದರೆ ಅವನದೇ ಚಪ್ಪಲಿ! ಅಡುಗೆಮನೆಯಲ್ಲಿ ಪಕ್ಕದ ಬೀದಿಯ ಪ್ಲಂಬರ್ ಸ್ಪ್ಯಾನರಪ್ಪ ಕೈ ಒರೆಸಿಕೊಳ್ಳುತ್ತಿದ್ದ. ಕಸುಬಿನಲ್ಲಿ ಇಪ್ಪತ್ತು ವರ್ಷದ ಎದುರಾಳಿ! ಇಷ್ಟು ವರ್ಷ ಪೈಪಣ್ಣ ಕಾಪಾಡಿಕೊಂಡು ಬಂದ ಮಾನ ನೀರುಪಾಲು!

ಸ್ಪ್ಯಾನರಪ್ಪ ಮೀಸೆಯಲ್ಲೇ ನಗುತ್ತ ಹೋದ ಮೇಲೆ ಪೈಪಣ್ಣ ಮೆಲ್ಲಗೆ ಕೇಳಿದ, "ಎಷ್ಟು ಸುಲಿದ ಆ ಕಳ್ಳ?"

"ಪಾಪ, ಏನೂ ತಗೊಳ್ಳಲಿಲ್ಲ ರೀ!" ಹೆಂಡತಿ ನೀರು ಬಳಿಯುತ್ತಲೇ ಹೇಳಿದಳು. "ಬರೀ ಜಾಹೀರಾತು ಹಾಕ್ಕೊಳ್ತಾರಂತೆ. ನಾಳೆಯಿಂದ ಅವರ ಅಂಗಡಿ ಬೋರ್ಡಿನ ಮೇಲೆ, 'ಪೈಪಣ್ಣನ ಮನೆ ನಲ್ಲಿ ರಿಪೇರಿ ಮಾಡಿದ್ದು ನಾವೇ!'"